ಫೋರ್ಕ್ ಅಪ್‌ಗ್ರೇಡ್ ಆದ ಮೇಲೂ ಬೈಕಿನ ಮುಂಭಾಗ ಸರಿಯಿಲ್ಲವೇ? ದೋಷ ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಎಕ್ಸ್‌ಪಲ್ಸ್, ಹಿಮಾಲಯನ್ ಬೈಕುಗಳು ಸುಮಾರು ಓಡಾಡುತ್ತವೆ. ನಮ್ಮ ಊರಿಗೆ ಹೇಳಿ ಮಾಡಿಸಿದ ಬೈಕುಗಳು ಇವು. ಇಲ್ಲಿ ಅರ್ಧ ದಾರಿ ಡಾಂಬರು, ಉಳಿದರ್ಧ ಗುಡ್ಡೆಯ ಮುರಕಲ್ಲು ಕಡಿದು ಮಾಡಿದ ತೋಟದ ದಾರಿ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಜಿಲ್ಲೆ ಇದು. ಒಂದು ಮಳೆಗಾಲ ಕಳೆದರೆ ದಾರಿಯ ಮಣ್ಣು ಕೊಚ್ಚಿ ಹೋಗಿ ಕಲ್ಲಿನ ಅಂಚುಗಳೇ ಉಳಿಯುತ್ತವೆ. ಆಗ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಶಾಕ್ ಕಾಲುಗಳು, ಸಾಲುವುದಿಲ್ಲ ಅನಿಸುತ್ತದೆ. ಹೊಸ ಸ್ಪ್ರಿಂಗ್ ತರಿಸುತ್ತೇವೆ, ದಪ್ಪ ಆಯಿಲ್ ಹಾಕಿಸುತ್ತೇವೆ, ಕೆಲವರು ಎಮ್ಯುಲೇಟರ್ ಎಂಬ ಸಣ್ಣ ವಾಲ್ವ್ ಕೂಡ ಕೂರಿಸುತ್ತಾರೆ.

ಆಮೇಲೆ ಕೈ ಮೊದಲಿಗಿಂತ ಜಾಸ್ತಿ ನೋಯುತ್ತದೆ. ಹಿಂದೆ ಇಲ್ಲದ 'ಟಕ್' ಶಬ್ದ ಬರುತ್ತದೆ. ಸೀಲ್ ಸೋರುತ್ತದೆ. ಇಂಥ ಸ್ಥಿತಿಯಲ್ಲಿ ಮತ್ತೊಂದು ಸಾಮಾನು ತರಿಸುವ ಮೊದಲು ಇದನ್ನು ಓದಿ. ಫೋರ್ಕಿನ ತೊಂದರೆ ಬರುವುದು ಮೂರೇ ಕಡೆಯಿಂದ: ಉಜ್ಜಾಟ, ಸ್ಪ್ರಿಂಗ್, ಆಯಿಲಿನ ಹರಿವು. ಹುಡುಕುವುದೂ ಇದೇ ಕ್ರಮದಲ್ಲಿ. ಹೆಚ್ಚಿನವರು ಆಯಿಲಿನಿಂದ ಶುರು ಮಾಡುತ್ತಾರೆ. ಉಜ್ಜಾಟವನ್ನು ಯಾರೂ ನೋಡುವುದೇ ಇಲ್ಲ. ಅಪ್‌ಗ್ರೇಡ್ ಕೆಟ್ಟಿತು ಅನ್ನುವವರಲ್ಲಿ ಬಹಳ ಮಂದಿಯ ತೊಂದರೆ ಅಲ್ಲೇ ಇರುತ್ತದೆ. ಅದನ್ನು ಸರಿ ಮಾಡಲು ಸ್ಪ್ಯಾನರ್ ಬಿಟ್ಟರೆ ಬೇರೆ ಖರ್ಚಿಲ್ಲ.

ಒಳಗೆ ನಡೆಯುವುದೇನು

ಎಕ್ಸ್‌ಪಲ್ಸ್ 200ರಲ್ಲಿ 37 ಮಿ.ಮೀ. ಪೈಪ್, 190 ಮಿ.ಮೀ. ಟ್ರಾವೆಲ್ (ಫೋರ್ಕ್ ಒಟ್ಟು ಇಳಿಯಬಲ್ಲ ದೂರ). ಹಿಮಾಲಯನ್ 411ರಲ್ಲಿ 41 ಮಿ.ಮೀ. ಪೈಪ್, 200 ಮಿ.ಮೀ. ಟ್ರಾವೆಲ್. ಎರಡರಲ್ಲೂ ಪೈಪ್ ಕೆಳಗಿನ ಬಾಟಮ್ ಎಂಬ ದಪ್ಪ ಕೊಳವೆಯೊಳಗೆ ಇಳಿಯುತ್ತದೆ. ಪೈಪಿನೊಳಗೆ ಉದ್ದದ ಸ್ಪ್ರಿಂಗ್, ಅದರ ಕೆಳಗೆ ಡ್ಯಾಂಪರ್ ರಾಡ್. ಈ ರಾಡ್ ಒಂದು ಟೊಳ್ಳು ಕೊಳವೆ. ಅದರ ಮೈಯಲ್ಲಿ ತೂತುಗಳಿವೆ. ಫೋರ್ಕ್ ಇಳಿಯುವಾಗ, ಏರುವಾಗ ಆಯಿಲ್ ಈ ತೂತುಗಳಲ್ಲಿ ನುಗ್ಗಿ ಹೋಗಬೇಕು. ಅದೇ ಡ್ಯಾಂಪಿಂಗ್.

ತೂತಿನ ಗುಣ ಒಂದಿದೆ. ಆಯಿಲ್ ನಿಧಾನ ಹೋದರೆ ತಡೆ ಇಲ್ಲವೆನ್ನುವಷ್ಟು ಕಡಿಮೆ. ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನ ಇಳಿಯುತ್ತದೆ. ತಡೆ ಸಿಗುವುದಿಲ್ಲ, ಬೈಕಿನ ಮುಂಭಾಗ ತಗ್ಗುತ್ತದೆ. ಮುರಕಲ್ಲಿನ ಅಂಚಿಗೆ ಬಡಿದಾಗ ಚಕ್ರ ಫಕ್ಕನೆ ಮೇಲೇಳಬೇಕು. ಆಗ ತಡೆ ವಿಪರೀತವಾಗಿ ಏಟು ನೇರ ಕೈಗೆ ಬರುತ್ತದೆ. ಅಂದರೆ ಒಂದೇ ಫೋರ್ಕ್ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ದಪ್ಪ ಆಯಿಲ್ ಹಾಕಿದರೆ ಬ್ರೇಕಿನ ತೊಂದರೆ ಚೂರು ಕಡಿಮೆಯಾಗುತ್ತದೆ, ಕಲ್ಲಿನ ಏಟು ತುಂಬ ಜಾಸ್ತಿಯಾಗುತ್ತದೆ. ಇದು ತಲೆಯಲ್ಲಿದ್ದರೆ ಮುಂದಿನ ಎಲ್ಲ ಲಕ್ಷಣಗಳೂ ಸುಲಭವಾಗಿ ಅರ್ಥವಾಗುತ್ತವೆ.

ಫೋರ್ಕ್ ಬಿಚ್ಚುವ ಮೊದಲು

ಟೈರಿನ ಗಾಳಿ ನೋಡಿ. ಇದು ಹೇಳಬೇಕಾದ ವಿಷಯವೇ ಅಲ್ಲ ಅನಿಸಬಹುದು. ಆದರೆ ಗಾಳಿ ಜಾಸ್ತಿ ಇದ್ದರೆ ಸಣ್ಣ ಕಲ್ಲೂ ಕೈಗೆ ತಾಗುತ್ತದೆ, ಕಡಿಮೆ ಇದ್ದರೆ ಹ್ಯಾಂಡಲ್ ಭಾರವಾಗಿ ಬೈಕ್ ತೇಲಿದ ಹಾಗೆ ಆಗುತ್ತದೆ. ಇವೆರಡನ್ನೂ ಫೋರ್ಕಿನ ಲೆಕ್ಕಕ್ಕೆ ಹಾಕುವವರಿದ್ದಾರೆ.

ಆಮೇಲೆ ಎಂಜಿನ್ ಕೆಳಗೆ ಜ್ಯಾಕ್ ಅಥವಾ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ. ಹ್ಯಾಂಡಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳಿನಲ್ಲಿ ತಳ್ಳಿ. ನೇರ ಇರುವ ಜಾಗಕ್ಕೆ ಬಂದಾಗ ಎಲ್ಲೋ ಕೂತ ಹಾಗೆ ತಡೆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ನಮ್ಮ ಗುಂಡಿಗಳ ದೆಸೆಯಿಂದ ಬಾಲ್‌ಗಳು ತಾವು ಉರುಳುವ ರೇಸ್ ಮೇಲೆ ಅಚ್ಚು ಹಾಕಿರುತ್ತವೆ. ಇದನ್ನು ಬಿಗಿ ಮಾಡಿ ಸರಿಪಡಿಸಲು ಆಗುವುದಿಲ್ಲ, ಸೆಟ್ಟೇ ಬದಲಾಗಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಚಕ್ರದ ಬೇರಿಂಗನ್ನೂ ನೋಡಬೇಕು. ಇವು ಸರಿಯಿಲ್ಲದೆ ಫೋರ್ಕಿಗೆ ಎಷ್ಟು ದುಡ್ಡು ಸುರಿದರೂ ಬೈಕ್ ಸರಿಯಾಗುವುದಿಲ್ಲ.

ಮೊದಲ ಅನುಮಾನ ಉಜ್ಜಾಟದ ಮೇಲೆ

ಲಕ್ಷಣ ಹೀಗಿರುತ್ತದೆ. ಸಣ್ಣ ಕಲ್ಲು, ರಸ್ತೆಯ ತೇಪೆ, ಸೇತುವೆಯ ಜೋಡಣೆ, ಎಲ್ಲವೂ ಕೈಗೆ ಚುಚ್ಚುತ್ತವೆ. ದೊಡ್ಡ ಗುಂಡಿಯಲ್ಲಿ ಮಾತ್ರ ಫೋರ್ಕ್ ಚೆನ್ನಾಗಿ ಇಳಿಯುತ್ತದೆ. ಒಮ್ಮೆ ಇಳಿದ ಫೋರ್ಕ್ ಪೂರ್ತಿ ಮೇಲೆ ಬರುವುದಿಲ್ಲ, ಅಲ್ಲೇ ಎಲ್ಲೋ ನಿಲ್ಲುತ್ತದೆ. ಸ್ಪ್ರಿಂಗ್ ಗಟ್ಟಿಯಾಯಿತು ಎಂದು ನೀವು ಅಂದುಕೊಳ್ಳುತ್ತೀರಿ. ಅಸಲಿಗೆ ಎರಡು ಕಾಲುಗಳು ಒಂದಕ್ಕೊಂದು ನೇರವಿಲ್ಲ. ಒಂದು ಇನ್ನೊಂದನ್ನು ಒತ್ತುತ್ತಿದೆ.

ಪೈವಳಿಕೆ ಕಡೆಯ ಹುಡುಗನೊಬ್ಬ ಹೊಸ ಸ್ಪ್ರಿಂಗ್ ಹಾಕಿಸಿಕೊಂಡು ಬಂದಿದ್ದ. "ಅಣ್ಣಾ, ಇದು ನನ್ನ ತೂಕಕ್ಕೆ ಜಾಸ್ತಿ ಗಟ್ಟಿ ಆಯ್ತು ಅಂತ ಕಾಣುತ್ತೆ, ಹಳೆಯದೇ ಹಾಕಿಬಿಡುವ" ಎಂದ. ಸ್ಪ್ರಿಂಗ್ ಮುಟ್ಟಲೇ ಇಲ್ಲ. ಮಡ್ಗಾರ್ಡಿನ ನಾಲ್ಕು ಬೋಲ್ಟ್ ಸಡಿಲ ಮಾಡಿದ ಕೂಡಲೇ ಎರಡು ಬಾಟಮ್‌ಗಳು ತಾವಾಗಿ ಸರಿದವು. ಜೋಡಿಸುವಾಗ ವಾಷರ್ ಅದಲು ಬದಲಾಗಿ ಬ್ರ್ಯಾಕೆಟ್ ಎರಡೂ ಕಾಲುಗಳನ್ನು ಒಳಕ್ಕೆ ಎಳೆದು ಹಿಡಿದಿತ್ತು. ವಾಷರ್ ಸರಿ ಹಾಕಿದ ಮೇಲೆ ಅದೇ ಸ್ಪ್ರಿಂಗ್ ಅವನಿಗೆ ಹಿಡಿಸಿತು.

ನೀವು ಮಾಡಬೇಕಾದ್ದು ಇಷ್ಟು. ಚಕ್ರ ನೆಲದ ಮೇಲಿರಲಿ. ಮಡ್ಗಾರ್ಡ್ ಬೋಲ್ಟ್, ಆಕ್ಸಲ್ ನಟ್, ಆಕ್ಸಲನ್ನು ಕಾಲಿಗೆ ಹಿಡಿಯುವ ಪಿಂಚ್ ಬೋಲ್ಟ್, ಕೆಳಗಿನ ಟೀಯ (ಎರಡೂ ಪೈಪನ್ನು ಹಿಡಿಯುವ ಅಡ್ಡ ತುಂಡಿನ) ಬೋಲ್ಟ್ ಇಷ್ಟನ್ನೂ ಸ್ವಲ್ಪ ಸಡಿಲ ಮಾಡಿ. ಮೇಲಿನ ಟೀಯ ಬೋಲ್ಟ್ ಬಿಗಿ ಇರಲಿ, ಇಲ್ಲದಿದ್ದರೆ ಪೈಪ್ ಜಾರುತ್ತದೆ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಹಲವು ಸಲ ಜೋರಾಗಿ ಒತ್ತಿ ಬಿಡಿ. ಕಾಲುಗಳು ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಆಮೇಲೆ ಕೆಳಗಿನ ಟೀ ಬಿಗಿ ಮಾಡಿ, ಆಕ್ಸಲ್ ನಟ್ ಬಿಗಿ ಮಾಡಿ. ಈಗ ಮತ್ತೊಮ್ಮೆ ಫೋರ್ಕ್ ಒತ್ತಿ ಬಿಡಿ. ಪಿಂಚ್ ಬೋಲ್ಟ್ ಬಿಗಿಯಾಗಬೇಕಾದ್ದು ಇದರ ನಂತರ. ಮಡ್ಗಾರ್ಡ್ ಎಲ್ಲಕ್ಕಿಂತ ಕೊನೆಗೆ. ಪಿಂಚ್ ಬೋಲ್ಟನ್ನು ಮೊದಲೇ ಬಿಗಿ ಮಾಡುವುದು ವರ್ಕ್‌ಶಾಪ್‌ಗಳಲ್ಲಿ ದಿನಾ ಕಾಣುವ ವಿಷಯ. ಅಷ್ಟರಿಂದಲೇ ಒಂದು ಕಾಲು ಓರೆಯಾಗಿ ನಿಲ್ಲುತ್ತದೆ.

ಬಿಗಿ ಎಷ್ಟಿರಬೇಕು ಎನ್ನುವುದು ನಿಮ್ಮ ಬೈಕಿನ ಸರ್ವಿಸ್ ಮ್ಯಾನುವಲ್‌ನಲ್ಲಿದೆ. ಟಾರ್ಕ್ ರೆಂಚ್ ಇಲ್ಲದೆ ಕೆಳಗಿನ ಟೀಗೆ ಕೈಬಲವನ್ನೆಲ್ಲ ಹಾಕಬೇಡಿ. ದಪ್ಪ ಟ್ಯೂಬ್ ಮೇಲೆ, ಪೈಪ್ ಕೆಳಗೆ ಇರುವ ತಲೆಕೆಳಗಾದ ಫೋರ್ಕ್‌ಗಳಲ್ಲಂತೂ ಟೀ ಹಿಡಿಯುವುದು ಹೊರಗಿನ ಟ್ಯೂಬನ್ನು. ಅತಿಯಾಗಿ ಬಿಗಿದರೆ ಟ್ಯೂಬ್ ದುಂಡಗೆ ಉಳಿಯುವುದಿಲ್ಲ, ಪೈಪ್ ಜಾರಲು ಒಳಗಿರುವ ಬುಷ್ ಎಂಬ ಬಳೆ ಅಲ್ಲೇ ಹಿಡಿಯುತ್ತದೆ.

ಇಷ್ಟಾದರೂ ಫೋರ್ಕ್ ಹಿಡಿಯುತ್ತಿದ್ದರೆ ಪೈಪ್ ಬಾಗಿದೆಯೇ ನೋಡಬೇಕು. ಪೈಪ್ ಬಿಚ್ಚಿ ಎರಡು ವಿ ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡಿದು ತಿರುಗಿಸಿದರೆ ಗೊತ್ತಾಗುತ್ತದೆ. ಒಳ್ಳೆಯ ಲೇತ್ ಇರುವಲ್ಲಿ ಇದನ್ನು ಮಾಡಿಕೊಡುತ್ತಾರೆ. ಒಮ್ಮೆ ಬಿದ್ದ ಬೈಕ್ ಆದರೆ ಅಪ್‌ಗ್ರೇಡಿಗಿಂತ ಮುಂಚೆಯೇ ಈ ಪರೀಕ್ಷೆ ಮಾಡಿಸಿ. ಬಾಗಿದ ಪೈಪಿನೊಳಗೆ ದುಬಾರಿ ಸಾಮಾನು ಹಾಕಿ ಏನೂ ಪ್ರಯೋಜನವಿಲ್ಲ.

ಸ್ಪ್ರಿಂಗ್ ಸರಿಯೇ? ಟೇಪ್ ಹಿಡಿದು ಅಳೆಯಿರಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಇಬ್ಬರು ಗೆಳೆಯರು, ಒಂದು ಟೇಪ್, ಒಂದು ಪೆನ್ಸಿಲ್ ಸಾಕು. ಉಜ್ಜಾಟ ಸರಿ ಮಾಡಿದ ಮೇಲೆಯೇ ಅಳೆಯಬೇಕು, ಇಲ್ಲದಿದ್ದರೆ ಸಿಗುವ ಅಂಕೆ ನಂಬುವಂತಿರುವುದಿಲ್ಲ.

ಮೊದಲು ಚಕ್ರ ನೆಲ ಬಿಡುವ ಹಾಗೆ ಎತ್ತಿ, ಪೈಪ್ ಎಷ್ಟು ಹೊರಗೆ ಕಾಣುತ್ತದೆ ಎಂದು ಅಳೆಯಿರಿ. ಡಸ್ಟ್ ಸೀಲಿನಿಂದ ಕೆಳಗಿನ ಟೀವರೆಗೆ ಹಿಡಿದರೆ ಸಾಕು. ಈಗ ಬೈಕ್ ನೆಲಕ್ಕಿಳಿಸಿ. ಹೆಲ್ಮೆಟ್, ಶೂ, ಚೀಲ ಎಲ್ಲ ಹಾಕಿಕೊಂಡು, ಓಡಿಸುವಾಗ ಕೂರುವ ಹಾಗೆಯೇ ಕೂರಿ. ಒಬ್ಬರು ಹಿಂದಿನಿಂದ ಬೈಕ್ ನೇರ ಹಿಡಿಯಲಿ. ಇನ್ನೊಬ್ಬರು ಮುಂಭಾಗವನ್ನು ಕೆಳಕ್ಕೆ ಒತ್ತಿ, ನಿಧಾನವಾಗಿ ಬಿಟ್ಟು, ನಿಂತ ಜಾಗದಲ್ಲಿ ಅಳೆಯಲಿ. ಆಮೇಲೆ ಮೇಲಕ್ಕೆತ್ತಿ, ನಿಧಾನ ಬಿಟ್ಟು, ಮತ್ತೆ ಅಳೆಯಲಿ. ಎರಡೂ ಅಳತೆ ಒಂದೇ ಬರುವುದಿಲ್ಲ. ಎರಡರ ಸರಾಸರಿಯನ್ನು ಮೊದಲ ಅಳತೆಯಿಂದ ಕಳೆದರೆ ಸಿಗುವುದೇ ಸ್ಯಾಗ್, ಅಂದರೆ ಭಾರಕ್ಕೆ ಫೋರ್ಕ್ ಇಳಿದ ದೂರ.

ಎರಡು ಅಳತೆಗಳ ನಡುವಿನ ಅಂತರವನ್ನೂ ಬರೆದಿಡಿ. ಅದು ಉಜ್ಜಾಟದ ಲೆಕ್ಕ. 10ರಿಂದ 15 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. 25 ದಾಟಿದರೆ ಹಿಂದಿನ ಭಾಗಕ್ಕೆ ಹೋಗಿ, ಕಾಲುಗಳನ್ನು ಮತ್ತೆ ನೇರ ಮಾಡಿ.

ಸವಾರ ಕೂತಾಗ ಸ್ಯಾಗ್ ಒಟ್ಟು ಟ್ರಾವೆಲ್‌ನ 30ರಿಂದ 33 ಶೇಕಡಾ ಇರಲಿ. ಎಕ್ಸ್‌ಪಲ್ಸ್ 200ಕ್ಕೆ ಅದು ಸುಮಾರು 57ರಿಂದ 63 ಮಿ.ಮೀ., ಹಿಮಾಲಯನ್ 411ಕ್ಕೆ 60ರಿಂದ 66 ಮಿ.ಮೀ. ಆಗುತ್ತದೆ. ಸ್ಯಾಗ್ ಜಾಸ್ತಿ ಬಂದರೆ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಹೆಚ್ಚಿಸಬೇಕು. ಅಡ್ಜಸ್ಟರ್ ಇಲ್ಲದ ಫೋರ್ಕಿನಲ್ಲಿ ಪೈಪಿನ ಬಾಯಿಯ ಕ್ಯಾಪ್ ಮತ್ತು ಸ್ಪ್ರಿಂಗ್ ನಡುವೆ ಇರುವ ಸ್ಪೇಸರನ್ನು ಉದ್ದ ಮಾಡುವುದೇ ದಾರಿ. 10 ಮಿ.ಮೀ. ಉದ್ದದ ಸ್ಪೇಸರ್ ಹಾಕಿದರೆ ಸ್ಯಾಗ್ ಹೆಚ್ಚುಕಡಿಮೆ 10 ಮಿ.ಮೀ. ಕಡಿಮೆಯಾಗುತ್ತದೆ. ದಪ್ಪ ಗೋಡೆಯ ಪಿವಿಸಿ ಪೈಪ್ ತುಂಡನ್ನೂ ಬಳಸುತ್ತಾರೆ. ಎರಡು ತುದಿ ನೇರವಾಗಿ ಕತ್ತರಿಸಿರಬೇಕು, ಎರಡೂ ಕಡೆ ವಾಷರ್ ಇರಬೇಕು, ಎರಡೂ ಕಾಲಿಗೆ ಒಂದೇ ಉದ್ದ ಇರಬೇಕು. ಕ್ಯಾಪ್ ಬಿಚ್ಚುವಾಗ ಚಕ್ರ ಎತ್ತಿದ್ದು, ಕ್ಯಾಪನ್ನು ಕೈಯಿಂದ ಒತ್ತಿ ಹಿಡಿದಿರಿ. ಸ್ಪ್ರಿಂಗ್ ಒತ್ತಡಕ್ಕೆ ಅದು ಚಿಮ್ಮುತ್ತದೆ. ಮುಖವನ್ನು ಅದರ ಮೇಲೆ ತರಬೇಡಿ.

ಇಲ್ಲಿ ಒಂದು ವಿಷಯ ಸ್ಪಷ್ಟ ಇರಲಿ. ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬೈಕಿನ ಮುಂಭಾಗ ಎತ್ತರದಲ್ಲಿ ನಿಲ್ಲುತ್ತದೆ, ಅಷ್ಟೆ. ಸ್ಪ್ರಿಂಗೇ ಬದಲಾಗಬೇಕೋ ಎಂದು ತಿಳಿಯಲು ಇನ್ನೊಂದು ಅಳತೆ ಬೇಕು. ಸವಾರನಿಲ್ಲದೆ ಬರೀ ಬೈಕಿನ ಭಾರಕ್ಕೆ ಫೋರ್ಕ್ ಎಷ್ಟು ಇಳಿಯುತ್ತದೆ ನೋಡಿ. 25ರಿಂದ 40 ಮಿ.ಮೀ. ಒಳ್ಳೆಯದು. ಸವಾರ ಕೂತಾಗಿನ ಸ್ಯಾಗ್ ಸರಿ ಮಾಡಲು ಹೋಗಿ ಇದು ಇಲ್ಲವೇ ಇಲ್ಲ ಅನ್ನುವಷ್ಟಾದರೆ, ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗೆ. ಸವಾರನ ಸ್ಯಾಗ್ ಸರಿಯಿದ್ದು ಬರೀ ಬೈಕೇ ತುಂಬ ಇಳಿದು ನಿಂತರೆ ಸ್ಪ್ರಿಂಗ್ ಗಟ್ಟಿ. ಈ ಎರಡು ಅಂಕೆ ಇಲ್ಲದೆ ಸ್ಪ್ರಿಂಗ್ ಆರ್ಡರ್ ಮಾಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕಿಸಿದ್ದರೆ ಸ್ವಲ್ಪ ಎಚ್ಚರ. ಅದರ ಸುರುಳಿಗಳು ಒಂದು ತುದಿಯಲ್ಲಿ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ಇರುತ್ತವೆ. ಸ್ಯಾಗ್ ಬರುವುದು ಅದರ ಮೆತ್ತನೆಯ ಭಾಗದಲ್ಲಿ. ಅಳತೆ ಜಾಸ್ತಿ ಬಂದರೂ ಮುಂದಕ್ಕೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಅಡಕೆ ಮೂಟೆ ಹೊರುವ ಬೈಕಾದರೆ ಮೂಟೆ ಇಟ್ಟುಕೊಂಡೇ ಒಮ್ಮೆ ಅಳೆಯಿರಿ. ಹಿಂದೆ ಭಾರ ಬಿದ್ದರೆ ಹಿಂಭಾಗ ತಗ್ಗಿ ಮುಂಭಾಗ ಹಗುರಾಗುತ್ತದೆ. ಆಗ ಜಲ್ಲಿಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಫೋರ್ಕನ್ನು ದೂರಬೇಡಿ. ಹಿಂದಿನ ಶಾಕಿನ ಪ್ರಿಲೋಡ್ ಏರಿಸಿ.

ಡ್ಯಾಂಪಿಂಗ್: ಜಿಪ್ ಟೈ ಏನು ಹೇಳುತ್ತದೆ

ಪೈಪಿಗೆ ಸಣ್ಣ ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿ ಡಸ್ಟ್ ಸೀಲಿಗೆ ತಾಗಿಸಿಡಿ. ಫೋರ್ಕ್ ಇಳಿದಷ್ಟು ಅದು ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಇನ್ನು ಒಂದು ದಾರಿ ಆರಿಸಿಕೊಳ್ಳಿ. ಸ್ವಲ್ಪ ಡಾಂಬರು, ಒಂದೆರಡು ಹಂಪ್, ಒಂದಿಷ್ಟು ಮುರಕಲ್ಲಿನ ಏರು ಇರಬೇಕು. ಧರ್ಮತಡ್ಕ ಕಡೆಯಿಂದ ಪೊಸಡಿ ಗುಂಪೆಗೆ ಹತ್ತುವ ದಾರಿಯಂಥದ್ದು ಇದಕ್ಕೆ ಚೆನ್ನಾಗಿದೆ. ಪ್ರತಿ ಸಲವೂ ಅದೇ ದಾರಿ, ಅದೇ ವೇಗ, ಅದೇ ಗಾಳಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಏಟು ಕೈಗೆ ಬಂದಿದೆ, ಆದರೆ ಜಿಪ್ ಟೈ ಅರ್ಧ ದಾರಿಯಲ್ಲೇ ನಿಂತಿದೆ. ಅಂದರೆ ಫೋರ್ಕ್ ಇಳಿಯುತ್ತಿಲ್ಲ. ಉಜ್ಜಾಟ ಇಲ್ಲವೆಂದು ಈಗಾಗಲೇ ಗೊತ್ತಿದ್ದರೆ ಇದು ಕಂಪ್ರೆಶನ್ ಡ್ಯಾಂಪಿಂಗ್ (ಇಳಿಯುವಾಗಿನ ತಡೆ) ಜಾಸ್ತಿಯಾದ ಲಕ್ಷಣ. ಆಯಿಲ್ ದಪ್ಪವಾಗಿದೆ, ಅಥವಾ ಎಮ್ಯುಲೇಟರ್ ಬಿಗಿಯಾಗಿದೆ. ಏಟು ಬಂದಿದೆ, ಜಿಪ್ ಟೈ ಪೂರ್ತಿ ಮೇಲೆ ಹೋಗಿದೆ, ಕಬ್ಬಿಣ ಕಬ್ಬಿಣಕ್ಕೆ ಬಡಿದ ಶಬ್ದ ಕೇಳಿದೆ. ಆಗ ಫೋರ್ಕ್ ತಳ ಮುಟ್ಟುತ್ತಿದೆ. ಸ್ಪ್ರಿಂಗ್ ಮೆತ್ತಗಿರಬಹುದು, ಆಯಿಲ್ ಮಟ್ಟ ಕಡಿಮೆ ಇರಬಹುದು. ಕೈಗೆ ಎರಡೂ ಒಂದೇ ಥರದ ಏಟು. ಮದ್ದು ಮಾತ್ರ ಪೂರ್ತಿ ಉಲ್ಟಾ. ಜಿಪ್ ಟೈ ಕಟ್ಟದೆ ಆಯಿಲ್ ಬದಲಾಯಿಸಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಆಯಿಲ್ ಮಟ್ಟ ಮತ್ತು ಆಯಿಲ್ ದಪ್ಪ ಬೇರೆ ಬೇರೆ ಕೆಲಸ ಮಾಡುತ್ತವೆ. ಮಟ್ಟ ಅಳೆಯುವುದು ಸ್ಪ್ರಿಂಗ್ ತೆಗೆದು, ಪೈಪ್ ಪೂರ್ತಿ ಇಳಿಸಿ, ಪೈಪಿನ ಬಾಯಿಂದ ಆಯಿಲಿನ ಮೇಲ್ಮೈವರೆಗೆ. ಅಳೆಯುವ ಮೊದಲು ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಹೊರಗೆ ಬಿಡಿ. ಆಯಿಲಿನ ಮೇಲೆ ಉಳಿಯುವ ಖಾಲಿ ಜಾಗದ ಗಾಳಿ ಫೋರ್ಕ್ ಇಳಿದಂತೆ ಒತ್ತಿಕೊಂಡು ಇನ್ನೊಂದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಜಾಗ ಕಡಿಮೆಯಿದ್ದರೆ ಕೊನೆಯ ಭಾಗದಲ್ಲಿ ಫೋರ್ಕ್ ಗಟ್ಟಿ. ಶುರುವಿನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎಲ್ಲ ಸರಿಯಿದ್ದು ದೊಡ್ಡ ಗುಂಡಿಯಲ್ಲಿ ಮಾತ್ರ ತಳ ಮುಟ್ಟುತ್ತಿದ್ದರೆ ಆಯಿಲ್ ಮಟ್ಟವನ್ನು 10 ಮಿ.ಮೀ. ಏರಿಸಿ (ಖಾಲಿ ಜಾಗ ಅಷ್ಟು ಕಡಿಮೆಯಾಗಲಿ) ನೋಡಿ. ಅಷ್ಟಕ್ಕೆ ಹೊಸ ಸ್ಪ್ರಿಂಗ್ ಬೇಕಾಗುವುದಿಲ್ಲ. ಮಟ್ಟ ಅತಿಯಾದರೆ ಒಳಗಿನ ಒತ್ತಡಕ್ಕೆ ಸೀಲ್ ಹೋಗುತ್ತದೆ. ಎರಡು ಕಾಲಿನ ಮಟ್ಟವೂ ಒಂದೇ ಇರಲಿ.

ಆಯಿಲ್ ಬಾಟಲಿ ಮೇಲಿನ 10ಡಬ್ಲ್ಯೂ, 15ಡಬ್ಲ್ಯೂ ನೋಡಿ ಮೋಸ ಹೋಗಬೇಡಿ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದು ಕಂಪನಿಯ 10ಡಬ್ಲ್ಯೂಗಿಂತ ತೆಳ್ಳಗಿರುತ್ತದೆ. ಮಾಹಿತಿ ಹಾಳೆಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಷ್ಟು ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ) ಎಂದು ಕೊಟ್ಟಿರುತ್ತಾರೆ. ಹೋಲಿಸಬೇಕಾದ್ದು ಆ ಅಂಕೆಯನ್ನು. ಎಂಜಿನ್ ಆಯಿಲ್ ತುಂಬಿಸುವ ಅಭ್ಯಾಸ ಬಿಟ್ಟುಬಿಡಿ.

ಇನ್ನು ರಿಬೌಂಡ್, ಅಂದರೆ ಫೋರ್ಕ್ ಮೇಲೇರುವಾಗಿನ ತಡೆ. ಬೈಕ್ ಪಕ್ಕ ನಿಂತು ಮುಂಭಾಗವನ್ನು ಜೋರಾಗಿ ಒತ್ತಿ ಬಿಡಿ. ಒಂದೇ ಸಲ ಮೇಲೆ ಬಂದು ನಿಂತರೆ ಸರಿ. ಮೇಲೆ ಬಂದು ಮತ್ತೆ ಕುಣಿದರೆ ರಿಬೌಂಡ್ ಸಾಲುವುದಿಲ್ಲ. ಆಯಿಲ್ ಹಳೆಯದಾಗಿ ತೆಳ್ಳಗಾಗಿದೆ, ಅಥವಾ ಸ್ಪ್ರಿಂಗ್ ಗಟ್ಟಿ ಹಾಕಿ ಆಯಿಲ್ ಹಳೆಯದೇ ಬಿಟ್ಟಿದ್ದೀರಿ. ಗಟ್ಟಿ ಸ್ಪ್ರಿಂಗ್ ಜೋರಾಗಿ ತಳ್ಳುತ್ತದೆ, ಅದನ್ನು ತಡೆಯಲು ಡ್ಯಾಂಪಿಂಗೂ ಜಾಸ್ತಿ ಬೇಕು. ಇದರ ವಿರುದ್ಧದ ಲಕ್ಷಣ ಓಡಿಸುವಾಗಲೇ ಗೊತ್ತಾಗುತ್ತದೆ. ಸಾಲಾಗಿ ಬರುವ ಉಬ್ಬುಗಳಲ್ಲಿ ಮೊದಲ ಎರಡು ಮೂರು ಹಿತವಾಗಿರುತ್ತವೆ, ಆಮೇಲೆ ಒಂದೊಂದೂ ಗಟ್ಟಿಯಾಗುತ್ತಾ ಹೋಗುತ್ತದೆ. ರಿಬೌಂಡ್ ಜಾಸ್ತಿಯಾಗಿ ಫೋರ್ಕಿಗೆ ಮೇಲೆ ಬರಲು ಪುರುಸೊತ್ತೇ ಸಿಗುತ್ತಿಲ್ಲ. ಕೆಳಗೇ ಕುಸಿದು ನಿಂತಿದೆ. ಇದನ್ನು ಮೆತ್ತನೆ ಸ್ಪ್ರಿಂಗ್ ಎಂದುಕೊಂಡು ಇನ್ನೂ ದಪ್ಪ ಆಯಿಲ್ ಹಾಕಿದರೆ ತೊಂದರೆ ಬೆಳೆಯುತ್ತದೆ.

ಎಮ್ಯುಲೇಟರ್ ಹಾಕಿಸಿದವರಿಗೆ ಎರಡು ಮಾತು. ಡ್ಯಾಂಪರ್ ರಾಡಿನ ತುದಿಯಲ್ಲಿ ಕೂರುವ, ಸ್ಪ್ರಿಂಗ್ ಒತ್ತಡದಲ್ಲಿ ತೆರೆಯುವ ಸಣ್ಣ ವಾಲ್ವ್ ಅದು. ಅದು ಕೆಲಸ ಮಾಡಬೇಕಾದರೆ ರಾಡಿನ ಕಂಪ್ರೆಶನ್ ತೂತುಗಳನ್ನು ದೊಡ್ಡ ಮಾಡಬೇಕು, ಸಾಮಾನ್ಯವಾಗಿ 8 ಮಿ.ಮೀ. ಡ್ರಿಲ್‌ನಲ್ಲಿ. ಹಾಗೆ ಮಾಡದೆ ಮೇಲೆ ಕೂರಿಸಿದರೆ ಹಳೆಯ ತೂತೇ ಆಯಿಲನ್ನು ತಡೆಯುತ್ತದೆ, ಏಟು ಕಡಿಮೆಯಾಗುವುದಿಲ್ಲ. ಅಂಚುಗಳಲ್ಲಿ ಉಳಿದ ಲೋಹದ ಚೂರನ್ನು ಪೂರ್ತಿ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅದು ಬುಷ್ ತಿನ್ನುತ್ತದೆ. ಎಮ್ಯುಲೇಟರ್ ಎಷ್ಟು ಎತ್ತರವಿದೆಯೋ ಅಷ್ಟು ಸ್ಪೇಸರ್ ಕತ್ತರಿಸಬೇಕು. ಕತ್ತರಿಸಲು ಮರೆತರೆ ಆ ಎತ್ತರವಷ್ಟೂ ಪ್ರಿಲೋಡ್ ಆಗಿ ಸೇರಿಕೊಳ್ಳುತ್ತದೆ. ತೂತು ದೊಡ್ಡ ಮಾಡಿದ ರಾಡನ್ನು ಮತ್ತೆ ಹಳೆಯ ಹಾಗೆ ಬಳಸಲು ಬರುವುದಿಲ್ಲ. ಹಾಗಾಗಿ ಇನ್ನೊಂದು ರಾಡ್ ತರಿಸಿ ಅದರಲ್ಲಿ ತೂತು ಮಾಡಿಸುವುದು ಒಳ್ಳೆಯದು.

ಹಿಮಾಲಯನ್ 450ರಂಥ ಬೈಕಿನ ವಿಷಯ ಬೇರೆ. ಅದರ 43 ಮಿ.ಮೀ. ಶೋವಾ ಫೋರ್ಕ್ ತಲೆಕೆಳಗಾದದ್ದು. ಎರಡು ಕಾಲಿಗೆ ಬೇರೆ ಬೇರೆ ಕೆಲಸ, ಒಳಗೆ ಒಂದೇ ಥರದ ಸಾಮಾನಿಲ್ಲ. ಮೇಲೆ ಹೇಳಿದ ಆಯಿಲ್ ಲೆಕ್ಕವನ್ನು ಅಲ್ಲಿಗೆ ಹಾಕಬೇಡಿ, ಮ್ಯಾನುವಲ್ ನೋಡಿ.

'ಟಕ್' ಶಬ್ದ

ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ. ಇನ್ನೊಬ್ಬರು ಕೆಳಗಿನ ಟೀ ಮತ್ತು ಚಾಸಿ ಸೇರುವ ಸಂದಿಗೆ ಬೆರಳಿಟ್ಟಿರಲಿ. ಆಟ ಅಲ್ಲಿ ಸಿಕ್ಕರೆ ಕೋನ್ ಸೆಟ್ ಸಡಿಲ. ಪೈಪ್ ಮತ್ತು ಬಾಟಮ್ ಸೇರುವಲ್ಲಿ ಸಿಕ್ಕರೆ ಬುಷ್ ಸವೆದಿದೆ. ಕ್ಯಾಲಿಪರ್ ಹತ್ತಿರ ಸಿಕ್ಕರೆ ಬ್ರೇಕ್ ಪ್ಯಾಡ್ ಅಲುಗುವುದು, ಅದಕ್ಕೆ ಗಾಬರಿ ಬೇಡ.

ಹಂಪ್ ಇಳಿದು ಫೋರ್ಕ್ ಪೂರ್ತಿ ಚಾಚಿದಾಗ ಮಾತ್ರ ಶಬ್ದ ಬಂದರೆ ಎರಡು ಕಾರಣ. ರಿಬೌಂಡ್ ಸಾಲದೆ ಇರಬಹುದು. ಅಥವಾ ಡ್ಯಾಂಪರ್ ರಾಡಿನ ಮೇಲಿನ ಗಿಡ್ಡ ಸ್ಪ್ರಿಂಗ್ ಜೋಡಿಸುವಾಗ ಬಿಟ್ಟುಹೋಗಿರಬಹುದು. ಅದೇ ರೀತಿ ರಾಡಿನ ಬುಡದಲ್ಲಿ ಆಯಿಲ್ ಲಾಕ್ ಪೀಸ್ ಎಂಬ ಸಣ್ಣ ಬಟ್ಟಲಿನಾಕಾರದ ತುಂಡಿದೆ. ಫೋರ್ಕ್ ತಳ ಮುಟ್ಟುವ ಮೊದಲು ಅದು ಆಯಿಲನ್ನು ಹಿಡಿದಿಟ್ಟು ಏಟು ತಡೆಯುತ್ತದೆ. ಹಳೆಯ ಆಯಿಲ್ ಬಗ್ಗಿಸುವಾಗ ಇದು ಬಾಟಮ್ ಒಳಗಿಂದ ಜಾರಿ ಡಬ್ಬಿಗೆ ಬಿದ್ದರೂ ಗೊತ್ತಾಗುವುದಿಲ್ಲ. ಅಪ್‌ಗ್ರೇಡ್ ಆದ ದಿನದಿಂದಲೇ ತಳದಲ್ಲಿ ಕಬ್ಬಿಣದ ಶಬ್ದ ಶುರುವಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಸೋರುವುದು

ಎಲ್ಲ ಸೋರಿಕೆಗೂ ಸೀಲ್ ಕಾರಣವಲ್ಲ. ಕಾಲನ್ನು ಚೆನ್ನಾಗಿ ಒರೆಸಿ, ಸ್ವಲ್ಪ ಪೌಡರ್ ಹಚ್ಚಿ, ಒಂದು ಸುತ್ತು ಓಡಿಸಿ ಬನ್ನಿ. ಒದ್ದೆ ಎಲ್ಲಿಂದ ಶುರುವಾಗಿದೆ ಎಂದು ಪೌಡರೇ ತೋರಿಸುತ್ತದೆ. ಆಕ್ಸಲ್ ಹತ್ತಿರ, ಕಾಲಿನ ತುದಿಯಲ್ಲಿ ಮಾತ್ರ ಒದ್ದೆಯಿದ್ದರೆ ಅದು ಡ್ಯಾಂಪರ್ ರಾಡ್ ಹಿಡಿದಿರುವ ಕೆಳಗಿನ ಅಲೆನ್ ಬೋಲ್ಟಿನದು. ತಾಮ್ರದ ವಾಷರ್ ಹಳೆಯದೇ ಹಾಕಿರುತ್ತಾರೆ, ಹೊಸದು ಹಾಕಿದರೆ ನಿಲ್ಲುತ್ತದೆ.

ಪೈಪಿನ ಮೇಲೆ ಉಂಗುರದ ಹಾಗೆ ಆಯಿಲ್ ನಿಂತರೆ ಸೀಲಿನ ಕಡೆಯದ್ದೇ. ಆದರೂ ಕೂಡಲೇ ಬಿಚ್ಚಬೇಡಿ. ನಮ್ಮ ಕೆಂಪು ಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣ್ಣಗೆ. ಸೀಲಿನ ತುಟಿಯಡಿ ಒಂದು ಚೂರು ಕೂತರೂ ಆಯಿಲ್ ಹೊರಬರುತ್ತದೆ. ಡಸ್ಟ್ ಸೀಲನ್ನು ಮೆಲ್ಲಗೆ ಎಬ್ಬಿಸಿ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೊಕ್ಕೆಯ ಆಕಾರಕ್ಕೆ ಕತ್ತರಿಸಿ, ಸೀಲ್ ಮತ್ತು ಪೈಪ್ ನಡುವೆ ತೂರಿಸಿ ಸುತ್ತಲೂ ಎಳೆಯಿರಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಸ್ಕ್ರೂಡ್ರೈವರ್ ಮಾತ್ರ ಹಾಕಬೇಡಿ.

ಹೊಸ ಸೀಲ್ ಹಾಕಿದ ಕೆಲವೇ ವಾರದಲ್ಲಿ ಮತ್ತೆ ಸೋರಿದರೆ ಪೈಪನ್ನು ಬೆರಳಿನ ಉಗುರಿನಿಂದ ಸವರಿ ನೋಡಿ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಕಡಲ ಗಾಳಿಗೆ ನಿಲ್ಲುವ ಬೈಕುಗಳಲ್ಲಿ ಕ್ರೋಮ್ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆಗಳು ಬರುತ್ತವೆ. ಉಗುರಿಗೆ ತಡೆಯುವಂಥ ಚುಕ್ಕೆ ಪ್ರತಿ ಸಲವೂ ಸೀಲನ್ನು ಕೊಯ್ಯುತ್ತದೆ. ಉಬ್ಬಿದ ಅಂಚನ್ನು 1500 ಅಥವಾ 2000 ನಂಬರಿನ ನೀರು ಕಾಗದದಿಂದ ಹಗುರಾಗಿ ಉಜ್ಜಬಹುದು. ಗುಂಡಿ ಆಳವಾಗಿದ್ದರೆ ಪೈಪ್ ಬದಲಾಯಿಸಬೇಕು ಅಥವಾ ಹೊಸದಾಗಿ ಕ್ರೋಮ್ ಮಾಡಿಸಬೇಕು. ಪೈಪನ್ನು ಮುಚ್ಚುವ ರಬ್ಬರ್ ಗೇಟರ್ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ಕಾಣದ ಹಾಗೆ ತುಕ್ಕು ಹಿಡಿಸುತ್ತದೆ. ಆಗಾಗ ಎತ್ತಿ ಒರೆಸಿ.

ಆಯಿಲ್ ಇಳಿದು ಬ್ರೇಕ್ ಡಿಸ್ಕಿಗೆ ತಾಗಿದ್ದರೆ ಆ ಬೈಕನ್ನು ರಸ್ತೆಗೆ ತರಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರ್ ಹಾಕಿ ತೊಳೆಯಿರಿ. ಆಯಿಲ್ ಕುಡಿದ ಪ್ಯಾಡ್ ಹೊಸದೇ ಆಗಬೇಕು.

ಇಡೀ ಫೋರ್ಕನ್ನೇ ಬದಲಾಯಿಸಿದ್ದರೆ

ಬೇರೆ ಬೈಕಿನ ತಲೆಕೆಳಗಾದ ಫೋರ್ಕ್ ತಂದು ಕೂರಿಸುವ ಆಸೆ ಕೆಲವರಿಗೆ. ನಾನು ಬೇಡ ಎನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಅಡ್ಡಿ ಮಾಡುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಮೂಲ ಫೋರ್ಕಿನ ಒಳಗೇ ಸ್ಪ್ರಿಂಗ್, ಆಯಿಲ್, ವಾಲ್ವ್ ಸರಿಪಡಿಸಿದರೆ ನಮ್ಮ ದಾರಿಗಳಿಗೆ ಬೇಕಾದ್ದು ಸಿಗುತ್ತದೆ.

ಕಂಪನಿಯೇ ಕೊಟ್ಟ ಉದ್ದದ ಫೋರ್ಕ್ ಆದರೂ ಲಕ್ಷಣ ಬದಲಾಗುತ್ತದೆ. ಎಕ್ಸ್‌ಪಲ್ಸಿನ ರ‍್ಯಾಲಿ ಕಿಟ್‌ನಲ್ಲಿ ಮುಂದಿನ ಟ್ರಾವೆಲ್ 250 ಮಿ.ಮೀ. ಮುಂಭಾಗ ಎತ್ತರವಾಗಿ ಹಿಂಭಾಗ ಹಳೆಯದೇ ಉಳಿದರೆ ಹ್ಯಾಂಡಲ್ ನಿಧಾನವಾಗುತ್ತದೆ, ತಿರುವಿನಲ್ಲಿ ಬೈಕ್ ಹೊರಕ್ಕೆ ಹೋಗುತ್ತದೆ. ಹಿಂದಿನ ಶಾಕ್ ಜೊತೆಗೇ ಬದಲಾಗಬೇಕು. ಪೈಪನ್ನು ಟೀಯಲ್ಲಿ ಮೇಲಕ್ಕೆ ಸರಿಸಿ ಮುಂಭಾಗ ತಗ್ಗಿಸುವುದಾದರೆ ಒಂದು ಸಲಕ್ಕೆ 5 ಮಿ.ಮೀ. ಸಾಕು, ಎರಡೂ ಕಡೆ ಸಮ. ಅತಿಯಾಗಿ ತಗ್ಗಿಸಿದರೆ ಹೆದ್ದಾರಿಯ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ.

ಸ್ಪ್ರಿಂಗ್ ಹಾಕುವ ಮೊದಲು, ಬರೀ ಪೈಪ್‌ಗಳನ್ನು ಕೂರಿಸಿ, ಜ್ಯಾಕ್ ಇಳಿಸಿ ಫೋರ್ಕನ್ನು ಪೂರ್ತಿ ತಳಕ್ಕೆ ತನ್ನಿ. ಟೈರ್ ಮಡ್ಗಾರ್ಡಿಗೆ, ಮಡ್ಗಾರ್ಡ್ ಕೆಳಗಿನ ಟೀಗೆ ತಾಗುತ್ತದೆಯೇ ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಚಕ್ರ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿಯಾಗಿ ಎಳೆಯುತ್ತಿದ್ದರೆ ಅವುಗಳ ದಾರಿ ಬದಲಾಯಿಸಿ ಅಥವಾ ಉದ್ದದವು ತರಿಸಿ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕ್ ತೀರಾ ವಾಲಿದರೆ ಸ್ಟ್ಯಾಂಡನ್ನೂ ಉದ್ದ ಮಾಡಿಸಿ.